ಚೀಟಿ ಕೊಡುವವನ ಮಾತು

(ಕಲಬುರಗಿಯಲ್ಲಿ ಕಲಾವಿದರು, ಸಂಘಟಕರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಸುಮಾರು ಜನ ನನ್ನನ್ನು ವೇದಿಕೆಯ ಪಕ್ಕದಲ್ಲಿ ನೋಡಿರುತ್ತೀರಿ. ಮೇಲೆ ನೋಡಿರಲಿಕ್ಕಿಲ್ಲ. ಕೈಯಲ್ಲಿ ಒಂದು ಪ್ಯಾಡು, ಕಿವಿ ಹಿಂದೆ ಪೆನ್ನು. ಹಾಡುವವರ ಮೊಣಕಾಲ ಹತ್ತಿರ ಬಗ್ಗಿ, ಒಂದು ಚೀಟಿ ಇಟ್ಟು, ಓಡಿಹೋಗುವವನು. ಚೀಟಿಯಲ್ಲಿ ‘2 ನಿಮಿಷ’ ಎಂದು ಬರೆದಿರುತ್ತದೆ. ಅದು ನಾನೇ. ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿರುವ ಒಂದಿಬ್ಬರು ಆ ಚೀಟಿ ಓದಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ದೊಡ್ಡ ಸಂಗೀತ ಉತ್ಸವಗಳಲ್ಲಿ ವೇದಿಕೆ ಕಡಿಮೆ ಮಾಡುವುದು, ಹಾಡುವ ಸಮಯ ಕಡಿಮೆ ಮಾಡುವುದು, ಇವುಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ಸಮಿತಿಗಳಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ‘ಈ ಸಲ ಸ್ವಲ್ಪ ಸಣ್ಣದು ಮಾಡೋಣ್ರಿ’ ಅಂತ. ವೇದಿಕೆ ಕಡಿಮೆ ಆದರೆ ನನಗೆ ಬೇಜಾರಿಲ್ಲ. ಸಮಯ ಕಡಿಮೆ ಆದರೆ ಹಾಡೇ ಹೋಗುತ್ತದೆ. ಒಂದನ್ನು ಮಾಡಲು ಹೋಗಿ ಇನ್ನೊಂದನ್ನೂ ಮಾಡಿಬಿಡುತ್ತೇವೆ ಅನ್ನುವುದೇ ನನ್ನ ತಕರಾರು.

ಒಂದು ಘಟನೆ ಹೇಳುತ್ತೇನೆ. ಉತ್ಸವದ ಹೆಸರು ಬೇಡ, ನಮ್ಮ ಭಾಗದ್ದೇ. ಐದು ವೇದಿಕೆ ಇದ್ದವು. ನಾನು ನಾಲ್ಕನೆಯದಕ್ಕೆ ಇದ್ದೆ, ಜಾನಪದ ವೇದಿಕೆ. ಗೀಗೀ ಪದದ ಎರಡು ಮೇಳ ಬಂದಿದ್ದವು, ಒಂದು ಹರದೇಶಿ, ಒಂದು ನಾಗೇಶಿ. ನಿಮಗೆ ಗೊತ್ತಿರುವುದೇ, ಆದರೂ ಹುಡುಗರು ಕೂತಿದ್ದಾರೆ, ಹೇಳಿಬಿಡುತ್ತೇನೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಅದನ್ನು ಒಡೆದು ತಿರುಗಿ ಹಾಕಬೇಕು. ಹಳ್ಳಿಯಲ್ಲಿ ಆದರೆ ಊಟ ಮುಗಿಸಿ ಕೂತರೆ ಬೆಳಗಿನ ಜಾವದವರೆಗೆ ನಡೆಯುತ್ತದೆ.

ನಮ್ಮ ವೇಳಾಪಟ್ಟಿಯಲ್ಲಿ ಎರಡೂ ಮೇಳ ಸೇರಿ 15 ನಿಮಿಷ.

ವೇದಿಕೆ ಹಿಂದೆ ಅವರು ಡಪ್ಪು ಕಾಯಿಸುತ್ತಿದ್ದರು. ಚಳಿಗೆ ಚರ್ಮ ಸಡಿಲಾಗಿತ್ತು. ಸುಡಲು ಕಾಗದ ಬೇಕಿತ್ತು, ನನ್ನ ಪ್ಯಾಡಿನಿಂದ ನಾಲ್ಕು ಹಾಳೆ ಕಿತ್ತು ಕೊಟ್ಟೆ. ಆಮೇಲೆ ನೋಡಿದರೆ ಅವು ಆ ದಿನದ ವೇಳಾಪಟ್ಟಿಯ ಪ್ರತಿಗಳೇ! ಒಂದು ರೀತಿಯಲ್ಲಿ ಅವತ್ತು ಅದರಿಂದ ಆದ ಉಪಯೋಗ ಅಷ್ಟೇ.

ಮೇಲೆ ಹೋದರು. ಹರದೇಶಿಯವರು ಸ್ತುತಿ ಹಾಡಿದರು. ಹಿಂದಿನವರು ತುಂತುಣಿ ಮೀಟುತ್ತಾ ‘ಗೀಯ ಗೀಯ’ ಎತ್ತಿಕೊಂಡರು. ಸವಾಲು ಶುರುವಾಯಿತು. ಒಳ್ಳೆಯ ಸವಾಲು. ಜನ ಸರಿದು ಸರಿದು ಮುಂದೆ ಬಂದರು. ಅಷ್ಟರಲ್ಲಿ 13ನೇ ನಿಮಿಷ. ನಾಗೇಶಿಯ ಅಕ್ಕ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿ ಡಪ್ಪಿಗೆ ಒಂದು ಏಟು ಹಾಕಿದ್ದಾರೆ. ನಾನು ಹೋಗಿ ಚೀಟಿ ಕೊಟ್ಟೆ.

ಅವರಿಗೆ ಓದಲು ಬರುತ್ತಿರಲಿಲ್ಲ. ‘ಏನಿದು ತಮ್ಮಾ?’ ಅಂದರು.

‘ಟೈಮ್ ಆತಕ್ಕಾ.’

‘ಅಲ್ಲೋ ತಮ್ಮಾ, ಅಂವ ಕೇಳ್ಯಾನ. ನಾ ಹೇಳೋದ್ ಬ್ಯಾಡೇನು?’

ಮೈಕ್ ಹತ್ತಿರವೇ ಇತ್ತು. ಇಡೀ ಪೆಂಡಾಲ್‌ಗೆ ಕೇಳಿಸಿತು. ಜನ ನಕ್ಕರು, ಶಿಳ್ಳೆ ಹೊಡೆದರು. ನಿರೂಪಕರು ಮಾತ್ರ ಆಗಲೇ ಮುಂದಿನ ತಂಡದ ಹೆಸರು ಕರೆದುಬಿಟ್ಟಿದ್ದರು. ಅಕ್ಕ ಇಳಿದು ಹೋದರು. ಅವತ್ತು ಕಲಬುರಗಿಯ ಕಡೆಯ ಸುಮಾರು 300 ಜನರ ಮುಂದೆ ಗಂಡೇ ಹೆಚ್ಚು ಅಂತ ತೀರ್ಮಾನ ಆಯಿತು. ಯಾಕೆಂದರೆ ಹೆಣ್ಣಿಗೆ ಟೈಮ್ ಇರಲಿಲ್ಲ.

ಯಾಕೆ ಟೈಮ್ ಇರಲಿಲ್ಲ? ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಕಡೆ ಬಿಸಿಲು ಇಳಿಯದೆ ಜನ ಬರುವುದಿಲ್ಲ, ಹಾಗಾಗಿ ಸಂಜೆ 6ಕ್ಕೆ ಶುರು. ರಾತ್ರಿ 10ಕ್ಕೆ ಮೈಕ್ ಬಂದ್. ಇದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ರಾಜ್ಯ ಸರ್ಕಾರ ಬೇಕಾದರೆ ಹಬ್ಬ, ಉತ್ಸವಗಳಿಗೆ 12ರವರೆಗೆ ಬಿಡಬಹುದು, ಅದೂ ವರ್ಷದಲ್ಲಿ 15 ದಿನ ಮೀರದಂತೆ. ಆ 15ರಲ್ಲಿ ನಮ್ಮ ಪಾಲು ಯಾವಾಗಲೂ ಸಿಗುತ್ತದೆ ಅಂತ ಏನಿಲ್ಲ. ಸರಿ, 240 ನಿಮಿಷ ಸಿಕ್ಕಿತು. ಅದರಲ್ಲಿ ದೀಪ, ಸ್ವಾಗತ, ಭಾಷಣ, ಸನ್ಮಾನ. ಸನ್ಮಾನಕ್ಕೆ ನಾನು ಗಡಿಯಾರ ಹಿಡಿದಿದ್ದೇನೆ. ಒಬ್ಬರಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೊ ಎಂದರೆ 3 ನಿಮಿಷ. ಫೋಟೊದವನು ‘ಸರ, ಇನ್ನೊಂದ್ಸಲ’ ಅಂದರೆ 4. ಎಲ್ಲ ಸೇರಿ 75 ನಿಮಿಷ ಹೋಯಿತು ಅನ್ನಿ, ಇದು ಕಡಿಮೆಯೇ ಹೇಳಿದ್ದು. ಉಳಿದದ್ದು 165. ಪಟ್ಟಿಯಲ್ಲಿ 11 ತಂಡ. ಒಂದು ತಂಡ ಇಳಿದು ಇನ್ನೊಂದು ಕೂರಲು, ಮೈಕ್ ಸರಿಪಡಿಸಲು 5 ನಿಮಿಷ ಅಂದರೂ ಹತ್ತು ಸಲಕ್ಕೆ 50. ಉಳಿದದ್ದು 115. ಅದನ್ನು 11ಕ್ಕೆ ಹಂಚಿ. ತಲಾ ಹತ್ತೂವರೆ ನಿಮಿಷ ಕೂಡ ಪೂರ್ತಿ ಬರುವುದಿಲ್ಲ. ಆ ದಿನ ಗೀಗೀಯವರಿಗೆ 15 ಸಿಕ್ಕಿದ್ದೇ ಎರಡು ಮೇಳ ಅಂತ ನಾನು ಜಗಳ ಆಡಿದ್ದಕ್ಕೆ.

ಹತ್ತು ನಿಮಿಷದಲ್ಲಿ ತಬಲಾ ಶ್ರುತಿ ಮಾಡಲೇ ನಾಲ್ಕು ನಿಮಿಷ. ದೀಪದ ಬಿಸಿಗೆ ಚರ್ಮ ಬಿಗಿದು ಶ್ರುತಿ ಏರಿರುತ್ತದೆ, ಮತ್ತೆ ಸುತ್ತಿಗೆ ಹಿಡಿಯಬೇಕು. ಮುಂದಿನ ಸಾಲಿನವರು ‘ಯಾಕ್ರಿ ಇನ್ನೂ ಬಡೀತಾನ?’ ಅಂತ ನನ್ನನ್ನೇ ಕೇಳುತ್ತಾರೆ.

ಈಗ ವೇದಿಕೆಗಳ ವಿಷಯ. ಐದು ವೇದಿಕೆ ಇದ್ದರೆ ಹೆಚ್ಚು ಜನಕ್ಕೆ ಅವಕಾಶ ಅಲ್ವಾ ಅಂತ ಕೇಳುತ್ತೀರಿ. ಕಾಗದದ ಮೇಲೆ ಹೌದು. ಮೈದಾನದಲ್ಲಿ ನಿಂತು ನೋಡಿ. ದೊಡ್ಡ ವೇದಿಕೆಯ ಸ್ಪೀಕರ್ ಮುಂದೆ 10 ಮೀಟರಿನಲ್ಲಿ ಸದ್ದಿನ ಅಳತೆ 100 ಡೆಸಿಬೆಲ್ ಇದೆ ಅಂದುಕೊಳ್ಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 20 ಮೀಟರಿಗೆ 94, 40ಕ್ಕೆ 88, 80ಕ್ಕೆ 82, 160 ಮೀಟರಿಗೆ 76. ಅಂದರೆ 160 ಮೀಟರ್ ದೂರದ ಸಣ್ಣ ಪೆಂಡಾಲಿನಲ್ಲಿ ಒಬ್ಬ ಮುತ್ಯಾ ಏಕತಾರಿ ಹಿಡಿದು ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಎತ್ತಿದರೆ, ಅವರ ಕಿವಿಗೆ ಆರ್ಕೆಸ್ಟ್ರಾ 76 ಡೆಸಿಬೆಲ್ಲಿನಲ್ಲಿ ಬಡಿಯುತ್ತಿದೆ. ಇದು ಸುಮ್ಮನೆ ಗದ್ದಲ ಆಗಿದ್ದರೂ ತಡೆಯಬಹುದಿತ್ತು. ಅದಕ್ಕೆ ಒಂದು ತಾಳ ಇದೆ, ನೋಡಿ. ಅಲ್ಲಿನ ಡ್ರಮ್ಮಿನ ಏಟು ಇಲ್ಲಿ ದಮ್ಮಡಿಯ ಎರಡು ಏಟಿನ ನಡುವೆ ಬಂದು ಬೀಳುತ್ತದೆ. ಮುತ್ಯಾ ತಾಳ ತಪ್ಪುತ್ತಾರೆ. ಜನ ‘ವಯಸ್ಸಾಯ್ತು ಪಾಪ’ ಅನ್ನುತ್ತಾರೆ.

ಆಗ ಸಣ್ಣ ಪೆಂಡಾಲಿನ ಸೌಂಡಿನ ಹುಡುಗ ಏನು ಮಾಡುತ್ತಾನೆ? ತನ್ನದನ್ನೂ ಏರಿಸುತ್ತಾನೆ. ಏಕತಾರಿ ಕುಂಯ್ ಅಂತ ಕೂಗುತ್ತದೆ. ಅದನ್ನು ಕೇಳಿ ಮೂರನೇ ವೇದಿಕೆಯವನೂ ಏರಿಸುತ್ತಾನೆ.

ನಮ್ಮ ಹಳೆಯ ಜಾತ್ರೆಗಳಲ್ಲಿ ವೇದಿಕೆ ಕಡಿಮೆ ಇದ್ದವಾ? ಐದಲ್ಲ, ಹದಿನೈದು ಇರುತ್ತಿದ್ದವು. ಬೇವಿನ ಮರದ ಕೆಳಗೆ ಒಂದು ಭಜನೆ ಮೇಳ, ಗುಡಿ ಕಟ್ಟೆಯ ಮೇಲೆ ಇನ್ನೊಂದು, ಬಂಡಿಗಳ ನಡುವೆ ಕಂದೀಲು ಇಟ್ಟುಕೊಂಡು ಮತ್ತೊಂದು. ಮೈಕ್ ಇರಲಿಲ್ಲ. ಒಬ್ಬರ ದನಿ ಐವತ್ತು ಹೆಜ್ಜೆಗೆ ಸಾಯುತ್ತಿತ್ತು, ಅಲ್ಲಿಂದ ಇನ್ನೊಬ್ಬರದು ಶುರು. ಎಷ್ಟು ದೂರ ಕೂರಬೇಕು ಅಂತ ಗಂಟಲೇ ಹೇಳುತ್ತಿತ್ತು. ಈಗ ಜನರೇಟರ್ ಹೇಳುತ್ತದೆ. ಹಾಗಾಗಿ ‘ನಮ್ಮ ಹಿರಿಯರು ಇಷ್ಟೆಲ್ಲ ಮಾಡ್ತಿದ್ರು, ನಾವು ಯಾಕೆ ಕಡಿಮೆ ಮಾಡ್ಬೇಕು’ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಮೈಕ್ ಕಿತ್ತುಹಾಕಿ, ಇವತ್ತೂ ಹದಿನೈದು ವೇದಿಕೆ ಮಾಡಿಕೊಡುತ್ತೇನೆ.

ಹೊರಗಿನ ಒಂದೆರಡು ಉದಾಹರಣೆ. 1969ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ವುಡ್‌ಸ್ಟಾಕ್ ಸಂಗೀತ ಉತ್ಸವ ಆಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ದೊಡ್ಡ ವೇದಿಕೆ ಒಂದೇ. ತಂಡ ಬದಲಾಗುವಾಗ ಹೊತ್ತು ಹಾಳಾಗಬಾರದು ಅಂತ ತಿರುಗುವ ಕಟ್ಟೆ ಮಾಡಿದ್ದರು. ಮುಂದಿನ ಅರ್ಧದಲ್ಲಿ ಒಬ್ಬರು ನುಡಿಸುವಾಗ ಹಿಂದಿನ ಅರ್ಧದಲ್ಲಿ ಇನ್ನೊಬ್ಬರು ಸಿದ್ಧ ಆಗಬೇಕು. ಅದು ಭಾರ ತಾಳದೆ ಕೆಟ್ಟಿತು. ಮೇಲೆ ಮಳೆ. ಭಾನುವಾರ ರಾತ್ರಿ ಮುಗಿಸಬೇಕಾಗಿದ್ದ ಜಿಮಿ ಹೆಂಡ್ರಿಕ್ಸ್ ಸೋಮವಾರ ಬೆಳಗ್ಗೆ 9ರ ಸುಮಾರಿಗೆ ಗಿಟಾರ್ ಹಿಡಿದರು. ಬಹಳಷ್ಟು ಜನ ಮನೆಗೆ ಹೋಗಿಯಾಗಿತ್ತು. ಆದರೂ ಅವರು ಹತ್ತಿರ ಹತ್ತಿರ ಎರಡು ಗಂಟೆ ನುಡಿಸಿದರು. ಚೀಟಿ ಕೊಡುವವನಾಗಿ ನನಗೆ ಇದು ಭಾರಿ ಇಷ್ಟದ ಕಥೆ. ಅಷ್ಟು ತಡವಾದರೂ ಯಾರೂ ಹೋಗಿ ‘2 ನಿಮಿಷ’ ಅನ್ನಲಿಲ್ಲ.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಇದಕ್ಕೆ ಉಲ್ಟಾ. 1970ರಲ್ಲಿ ಒಬ್ಬ ಹೈನುಗಾರನ ಹೊಲದಲ್ಲಿ ಶುರುವಾಯಿತು. ಟಿಕೆಟ್ ಒಂದು ಪೌಂಡ್, ಜೊತೆಗೆ ಹಾಲು ಪುಕ್ಕಟೆ! ಈಗ ನೂರಕ್ಕೂ ಹೆಚ್ಚು ವೇದಿಕೆ. ಅಷ್ಟು ದೊಡ್ಡದಾದರೂ ಅವರಲ್ಲಿ ಒಂದು ಪದ್ಧತಿ ಉಳಿದಿದೆ. ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ಬಿಟ್ಟುಬಿಡುತ್ತಾರೆ, ಹೊಲಕ್ಕೆ ದಣಿವಾರಲಿ ಅಂತ. 2026 ಅಂಥ ವರ್ಷ. ಎರೆ ಹೊಲದಲ್ಲಿ ತೊಗರಿ ಬೆಳೆಯುವ ನಮಗೆ ಬೀಳು ಬಿಡುವುದು ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಯಾವುದಾದರೂ ಉತ್ಸವ ಸಮಿತಿಯಲ್ಲಿ ‘ಈ ವರ್ಷ ಬೀಳು ಬಿಡೋಣ’ ಅಂದು ನೋಡಿ. ‘ಅನುದಾನ ವಾಪಸ್ ಹೋಗ್ತದಲ್ರಿ!’ ಅಂತ ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ.

ಹತ್ತಿರದ ಉದಾಹರಣೆ ಪುಣೆಯ ಸವಾಯಿ ಗಂಧರ್ವ ಉತ್ಸವ. ಗುರು ಸವಾಯಿ ಗಂಧರ್ವರು ಕುಂದಗೋಳದವರು, 1953ರಲ್ಲಿ ಶುರು ಮಾಡಿದ ಶಿಷ್ಯ ಭೀಮಸೇನ ಜೋಶಿ ಗದಗಿನವರು, ಹಾಗಾಗಿ ನಮ್ಮದೇ ಅನ್ನಬಹುದು. ಸಾವಿರಾರು ಜನ, ಒಂದೇ ವೇದಿಕೆ. ಮೊದಲು ರಾತ್ರಿಯಿಡೀ ನಡೆಯುತ್ತಿತ್ತು. ಮೈಕಿನ ನಿಯಮ ಬಿಗಿಯಾದ ಮೇಲೆ ಅದು ನಿಂತು ಮಧ್ಯಾಹ್ನಕ್ಕೆ, ಸಂಜೆಗೆ ಸರಿಯಿತು. ಇಲ್ಲಿ ಕಳೆದುಕೊಂಡದ್ದು ಬರೀ ನಿದ್ದೆಗೆಟ್ಟು ಕೇಳುವ ಸುಖ ಅಲ್ಲ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತಿದೆ. ಮಾಲಕಂಸ, ದರಬಾರಿ ನಡುರಾತ್ರಿಯವು. 10ಕ್ಕೆ ಮೈಕ್ ಬಂದ್ ಆದರೆ ಅವು ಬಯಲಿನಲ್ಲಿ ತಮ್ಮ ಹೊತ್ತಿಗೆ ಕೇಳಿಸುವುದೇ ಇಲ್ಲ. ಹಾಡುವವರು ಒಂಬತ್ತಕ್ಕೇ ‘ರಾತ್ರಿ ಆಯಿತು’ ಅಂತ ಭಾವಿಸಿಕೊಂಡು ಹಾಡಬೇಕು. ಇನ್ನೊಂದು ಕಡೆ ಮಧ್ಯಾಹ್ನದ ಸಾರಂಗ, ಭೀಮಪಲಾಸ, ಮುಲ್ತಾನಿಗೆ ಜಾಗ ಸಿಕ್ಕಿತು. ಸಂಜೆ ಶುರುವಾಗುವ ಕಛೇರಿಯಲ್ಲಿ ಇವಕ್ಕೆ ಯಾವತ್ತೂ ಸರದಿಯೇ ಬರುತ್ತಿರಲಿಲ್ಲ. ಕಡಿತ ಮಾಡುವಾಗ ಯೋಚನೆ ಮಾಡಿದರೆ ಹೀಗೆ ಒಂದು ಬಾಗಿಲು ಮುಚ್ಚಿದ ಕಡೆ ಇನ್ನೊಂದು ಕಿಟಕಿ ತೆಗೆಯಬಹುದು.

ಒಬ್ಬ ಹುಡುಗ ಆಗಲೇ ಕೈ ಎತ್ತಿದ್ದ. ‘ಸರ, ರೀಲ್ಸ್ ಒಂದೆರಡು ನಿಮಿಷ. ಅದರಲ್ಲೇ ಹಾಡು ಮುಟ್ಟತದ. ಹತ್ತು ನಿಮಿಷ ಸಾಲಲ್ಲ ಅಂದ್ರ ಹೆಂಗ?’ ಒಳ್ಳೆಯ ಪ್ರಶ್ನೆ. 1902ರಲ್ಲಿ ಗೌಹರ್ ಜಾನ್ ಹಾಡಿದ ಗ್ರಾಮಫೋನ್ ತಟ್ಟೆಗಳ ಒಂದೊಂದು ಬದಿ ಸುಮಾರು ಮೂರು ನಿಮಿಷದ್ದು. ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷಕ್ಕೆ ಎಲ್ಲವನ್ನೂ ತುಂಬಿಕೊಟ್ಟರು. ಕೊನೆಗಾಲದಲ್ಲಿ ಅವರು ನಮ್ಮ ಮೈಸೂರಿಗೆ ಬಂದರು, 1930ರಲ್ಲಿ ಅಲ್ಲೇ ತೀರಿಕೊಂಡರು, ಅದು ಬೇರೆ ಕಥೆ. ನಾನು ಹೇಳುವುದು ಏನೆಂದರೆ, ಆ ತಟ್ಟೆಯ ಅಳತೆ ಅವರಿಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಕೂತು ಮೂರು ನಿಮಿಷಕ್ಕೆ ಕಟ್ಟಿಕೊಂಡು ಬರಬಹುದಿತ್ತು. ನಮ್ಮ ನಾಗೇಶಿ ಅಕ್ಕನಿಗೆ ಪತ್ರದಲ್ಲಿ ‘45 ನಿಮಿಷ’ ಅಂತ ಬರೆದಿದ್ದೆವು. ಬಸ್ ಇಳಿದಾಗ 25 ಅಂದೆವು. ಮೆಟ್ಟಿಲು ಹತ್ತುವಾಗ 15. ಚೂಡಾ ಪೊಟ್ಟಣ ಕಟ್ಟುವವನೂ ಹೀಗೆ ಮಾಡುವುದಿಲ್ಲ.

ಸರಿ, ಕಡಿತ ಹೇಗೆ ಆಯಿತು ಅಂತ ಹೇಳಿಬಿಡುತ್ತೇನೆ.

ಮರುವರ್ಷ ಅದೇ ಉತ್ಸವದಲ್ಲಿ ದುಡ್ಡು ಕಡಿಮೆ ಬಂತು. ಐದು ವೇದಿಕೆ ಎರಡಾದವು. ನನಗೆ ಖುಷಿಯೋ ಖುಷಿ. ಆದರೆ ಕಲಾವಿದರ ಪಟ್ಟಿ ಮಾತ್ರ ಹಾಗೇ ಉಳಿಯಿತು. ಕೇಳಿದರೆ ಹಿರಿಯರೊಬ್ಬರು, ‘ಹೋದ್ ವರ್ಷ 200 ಮಂದಿ ಕಲಾವಿದರು ಅಂತ ಪೇಪರಿನ್ಯಾಗ ಬಂದದ. ಈ ವರ್ಷ 80 ಅಂತ ಹೆಂಗ್ ಬರ್ಸೋದ್ರಿ?’ ಅಂದರು. ಐದು ಕಡೆ ಹಾಡಬೇಕಾದವರು ಎರಡು ಕಡೆ ಸಾಲು ನಿಂತರು. ಹತ್ತು ನಿಮಿಷ ಇದ್ದದ್ದು ಆರಾಯಿತು. ಒಂದು ತಂಡ ಹಾರ್ಮೋನಿಯಂ ಡಬ್ಬಿ ತೆರೆದು, ಒಂದು ಪಲ್ಲವಿ ಹಾಡಿ, ಡಬ್ಬಿ ಮುಚ್ಚಿಕೊಂಡು ಹೋಯಿತು. ಅವರು ಬೀದರ್ ಕಡೆಯಿಂದ ಬೆಳಗ್ಗೆ ಏಳಕ್ಕೆ ಬಸ್ ಹತ್ತಿದ್ದರು. ನೂರು ಕಿಲೋಮೀಟರಿಗೂ ಹೆಚ್ಚು ಬಂದು ಒಂದು ಪಲ್ಲವಿ. ಪ್ರಮಾಣಪತ್ರ ಮಾತ್ರ ಲ್ಯಾಮಿನೇಟ್ ಮಾಡಿಸಿದ್ದೆವು.

ಅದರ ಮುಂದಿನ ವರ್ಷ ನಾವು ನಾಲ್ಕು ಜನ ಹಟ ಹಿಡಿದೆವು. ದೊಡ್ಡ ವೇದಿಕೆ ಸಮಿತಿಯವರು ನೋಡಿಕೊಳ್ಳಲಿ, ಎರಡನೆಯದು ನಮಗೆ ಬಿಡಿ ಅಂದೆವು. ಭಾಷಣ, ಸನ್ಮಾನ ಎಲ್ಲ ಸೇರಿ 20 ನಿಮಿಷ. ಸನ್ಮಾನ ಬೇಕಾದವರಿಗೆ ಬೆಳಗ್ಗೆ ರಂಗಮಂದಿರದಲ್ಲಿ ಬೇರೆ ಕಾರ್ಯಕ್ರಮ. ಅದಕ್ಕೂ ಜನ ಬಂದರು, ಉಪ್ಪಿಟ್ಟು ಇತ್ತು. ಉಳಿದ 220 ನಿಮಿಷಕ್ಕೆ ಬರೀ ಐದು ತಂಡ. ಬದಲಾವಣೆಗೆ ಅವಸರ ಬೇಡ ಅಂತ ಹತ್ತತ್ತು ನಿಮಿಷ ಇಟ್ಟೆವು, ನಾಲ್ಕು ಸಲಕ್ಕೆ 40. ಉಳಿದದ್ದು 180, ತಂಡಕ್ಕೆ 36. ವುಡ್‌ಸ್ಟಾಕಿನವರ ತಿರುಗುವ ಕಟ್ಟೆ ನಮಗೆ ಎಲ್ಲಿಂದ ಬರಬೇಕು? ಎರಡು ಹಲಗೆ ಮಂಚಕ್ಕೆ ಚಕ್ರ ಹಾಕಿಸಿದೆವು. ಮುಂದಿನ ತಂಡ ಹಿಂದೆಯೇ ಮಂಚದ ಮೇಲೆ ಕೂತು ಶ್ರುತಿ ಮಾಡಿಕೊಳ್ಳುವುದು, ನಾಲ್ಕು ಹುಡುಗರು ತಳ್ಳಿಕೊಂಡು ಬರುವುದು. ಮೊದಲ ದಿನ ಒಂದು ಚಕ್ರ ಮ್ಯಾಟಿನಲ್ಲಿ ಸಿಕ್ಕಿ ತಬಲಜಿ ಒಂದು ಕಡೆ ವಾಲಿದರು. ಬೀಳಲಿಲ್ಲ.

ದೊಡ್ಡ ವೇದಿಕೆಯವರ ಜೊತೆ ಒಂದು ಒಪ್ಪಂದ ಮಾಡಿಕೊಂಡೆವು. ಅಲ್ಲಿ ಆರ್ಕೆಸ್ಟ್ರಾ ನಡೆಯುವಾಗ ನಮ್ಮಲ್ಲಿ ಡೊಳ್ಳು, ಹಲಗೆ. ನಮ್ಮಲ್ಲಿ ತತ್ವಪದ ಇರುವಾಗ ಅಲ್ಲಿ ಭಾಷಣ. ಭಾಷಣಕ್ಕೆ ಅಷ್ಟೊಂದು ಸದ್ದು ಬೇಕಿಲ್ಲ ಅಲ್ವಾ? ಈ ಒಂದು ಸಾಲಿನ ಒಪ್ಪಂದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ, ಎರಡು ತಿಂಗಳು ಓಡಾಟ ಮಾತ್ರ ಆಯಿತು.

ನಾಗೇಶಿ ಅಕ್ಕನನ್ನು ಮತ್ತೆ ಕರೆಸಿದೆವು. ಎರಡೂ ಮೇಳಕ್ಕೆ ಸೇರಿ ಎರಡು ಸರದಿ ಬಿಟ್ಟೆವು, 72 ನಿಮಿಷ. ಅವರು ಬಂದವರೇ ನನ್ನ ಕೈ ನೋಡಿದರು. ‘ಚೀಟಿ ತಂದೀಯೇನ್ ಮತ್ತ?’ ಅಂದರು. ಆಮೇಲೆ ಎರಡು ವರ್ಷದ ಹಿಂದಿನ ಆ ಸವಾಲಿಗೇ ಉತ್ತರ ಹಾಡಿದರು. ಅದನ್ನು ಹಾಗೇ ಇಟ್ಟುಕೊಂಡಿದ್ದರು ನೋಡಿ. ಹರದೇಶಿಯವರಿಗೆ ತಮ್ಮ ಸವಾಲು ಪೂರ್ತಿ ಮರೆತೇ ಹೋಗಿತ್ತು.

ಇಷ್ಟು ಹೇಳಿ ಕೂತರೆ ಕಥೆ ಚೆನ್ನಾಗಿರುತ್ತದೆ. ಆದರೆ ಪಟ್ಟಿಯಿಂದ ಹೋದವರು ಇದ್ದಾರಲ್ಲ. ಹನ್ನೊಂದು ಇದ್ದದ್ದು ಐದಾದರೆ ಆರು ತಂಡ ಮನೆಯಲ್ಲಿ. ಅವರಿಗೆ ವರ್ಷಕ್ಕೆ ಸಿಗುವ ಸರ್ಕಾರಿ ಗೌರವಧನ ಬಹುಶಃ ಅದೊಂದೇ. ನಾವು ಸರದಿ ಪುಸ್ತಕ ಇಟ್ಟೆವು. ಈ ವರ್ಷ ಇಲ್ಲದವರು ಮುಂದಿನ ವರ್ಷ ಮೊದಲು. ನ್ಯಾಯವಾಗಿಯೇ ಇದೆ ಅಂದುಕೊಂಡಿದ್ದೆ. ಒಂದು ದಿನ ತತ್ವಪದಕಾರ ಚನ್ನೂರ ಜಲಾಲಸಾಬರ ಪದ ಹಾಡುವ ಒಬ್ಬ ಕಾಕಾ ಫೋನ್ ಮಾಡಿದರು. ವಯಸ್ಸು ಎಪ್ಪತ್ತು ದಾಟಿದೆ.

‘ನಮ್ಮ ಹೆಸರು ಇಲ್ಲಂತಲ್ಲೋ?’

‘ಮುಂದಿನ ವರ್ಷ ಐತಿ ಕಾಕಾ. ಹತ್ತಲ್ಲ, ಪೂರಾ 36 ನಿಮಿಷ.’

‘ಈ ವರ್ಷ ಹತ್ತು ಕೊಟ್ಟಿದ್ರ ಹಾಡ್ತಿದ್ದೆ ತಮ್ಮಾ. ಮುಂದಿನ ವರ್ಷ ನಾ ಇರಬೇಕಲ್ಲ.’

ನಾನು ಆ ಕಡೆ ಈ ಕಡೆ ಏನೋ ಹೇಳಿ ಫೋನ್ ಇಟ್ಟೆ. ಆ ವರ್ಷ ಅವರು ಕೇಳಲು ಬಂದಿದ್ದರು, ಎರಡನೇ ಸಾಲಿನಲ್ಲಿ ಕೂತಿದ್ದರು. ಹೆಗಲ ಮೇಲೆ ಏಕತಾರಿಯೂ ಇತ್ತು. ಯಾರಾದರೂ ಬರದಿದ್ದರೆ ಅಂತ ಇರಬೇಕು. ಎಲ್ಲರೂ ಬಂದಿದ್ದರು.

ಈ ಸಲದ ಪಟ್ಟಿಯಲ್ಲಿ ಮೊದಲ ಹೆಸರು ಕಾಕಾನದೇ. ಹೋದ ವಾರ ಫೋನ್ ಮಾಡಿ ಹೇಳಿದೆ. ‘ಎಷ್ಟ್ ನಿಮಿಷ ಅಂದಿ?’ ಅಂದರು. 36 ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಅಷ್ಟು ದಮ್ಮು ಈಗ ಇಲ್ಲೋ ತಮ್ಮಾ. ಇಪ್ಪತ್ತು ಸಾಕು. ಉಳದಿದ್ದು ಯಾರಿಗರೆ ಕೊಡು’ ಅಂದರು.

ಆ 16 ನಿಮಿಷ ನನ್ನ ಪ್ಯಾಡಿನಲ್ಲಿ ಇನ್ನೂ ಖಾಲಿ ಇದೆ.